ಬಾಗಿಲಿಗೆ ಬಿದ್ದ ಗುದ್ದನ್ನು ಹೇಗೆ ಅರ್ಥ ಮಾಡಿಕೊಳ್ಳಬೇಕು?

ಪ್ರಶ್ನೆ: ನನಗೆ 32 ವರ್ಷ. ಹಾಸನದ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಮೊದಲ ಗಂಡ ಕುಡಿದು ಹೊಡೆಯುತ್ತಿದ್ದ, ಒಮ್ಮೆ ಕುತ್ತಿಗೆ ಹಿಸುಕಿದ್ದ. ವಿಚ್ಛೇದನವಾಗಿ ಎರಡು ವರ್ಷವಾಯಿತು. ಈಗ ಮೂಡಿಗೆರೆ ಕಡೆಯ ತೋಟವೊಂದರಲ್ಲಿ ರೈಟರ್ (ಆಳುಗಳ ಹಾಜರಿ, ಲೆಕ್ಕ ನೋಡಿಕೊಳ್ಳುವವರು) ಆಗಿರುವ ಒಬ್ಬರ ಪರಿಚಯವಾಗಿ, ಅದು ಪ್ರೀತಿಗೆ ತಿರುಗಿದೆ. ಅವರ ಅಪ್ಪ ಹೆಂಡತಿ ಮಕ್ಕಳನ್ನೆಲ್ಲ ಬಡಿಯುತ್ತಿದ್ದರಂತೆ. ಹದಿನೇಳನೇ ವಯಸ್ಸಿನಲ್ಲಿ ಇವರು ತಿರುಗಿಬಿದ್ದು ಅಪ್ಪನ ಕೈ ಮುರಿದರಂತೆ. ಆಮೇಲೆ ಒಂದು ಹೊಡೆದಾಟದ ಕೇಸೂ ಆಗಿ ಖುಲಾಸೆಯಾಗಿದೆ. ಇದನ್ನೆಲ್ಲ ಅವರೇ ಹೇಳಿಕೊಂಡರು. ನನ್ನ ಮೇಲೆ ಯಾವತ್ತೂ ಕೈ ಎತ್ತಿಲ್ಲ. ಆದರೆ ಹೋದ ತಿಂಗಳು ಮಾತಿಗೆ ಮಾತು ಬೆಳೆದು ಬಾಗಿಲಿಗೆ ಗುದ್ದಿದರು, ಬೆರಳು ಊದಿಕೊಂಡಿತು. ಆಮೇಲೆ ಎರಡು ದಿನ ನನಗೆ ಬಾಯಿಂದ ಮಾತೇ ಹೊರಡಲಿಲ್ಲ. ಹಿಂದಿನಿಂದ ಮುಟ್ಟಿದರೆ ಅವರು ಬೆಚ್ಚಿ ತಳ್ಳಿಬಿಡುತ್ತಾರೆ. ಆನೆ ಓಡಿಸಲು ಹೊಡೆಯುವ ಪಟಾಕಿ ಸದ್ದಿಗೆ ಎದ್ದರೆ ಮತ್ತೆ ನಿದ್ದೆಯಿಲ್ಲ. ಹಳೆ ಗಂಡ ಫೋನ್ ಮಾಡಿ ಬೆದರಿಸುತ್ತಾನೆ ಅಂದಾಗ, ‘ಹೂಂ ಅನ್ನು, ಅವನ ಕೈಕಾಲು ಮುರಿದು ಬರ್ತೀನಿ’ ಅಂದರು. ಹೆದರಿಕೆಯಾಯಿತು, ಒಳಗೊಳಗೇ ಖುಷಿಯೂ ಆಯಿತು. ನಾನು ಮೊಬೈಲಿನಲ್ಲಿ ಓದುವ ಕಾದಂಬರಿಗಳಲ್ಲೂ ಇಂಥ ನಾಯಕರೇ. ನನ್ನ ತಲೆಯೇ ಸರಿಯಿಲ್ಲವಾ? ಅಮ್ಮ ‘ಒಂದ್ಸಲ ಸುಟ್ಟಿದ್ದು ಸಾಲ್ದಾ’ ಅನ್ನುತ್ತಾರೆ. ಕೆಲಸ ಬಿಟ್ಟು ತಮ್ಮ ಮೂರೆಕರೆ ತೋಟದ ಮನೆಗೆ ಬಾ ಅಂತ ಇವರು ಕರೆಯುತ್ತಿದ್ದಾರೆ. ತೀರಿಹೋದ ಅಪ್ಪನ ಕೋವಿ ಇನ್ನೂ ಆ ಮನೆಯಲ್ಲಿದೆ. ನಾನು ಹೋಗಬಹುದೇ? – ಹೆಸರು ಬೇಡ, ಹಾಸನ

ಉತ್ತರ: ನಿಮ್ಮ ಪತ್ರದ ತುಂಬ ಪ್ರಶ್ನೆಗಳಿದ್ದರೂ ನಿಜವಾದ ಆತಂಕ ಒಂದೇ. ಇವತ್ತು ಬಾಗಿಲಿಗೆ ಬಿದ್ದ ಗುದ್ದು ನಾಳೆ ನಿಮಗೆ ಬೀಳುತ್ತದೆಯೇ? ಪತ್ರ ಓದಿ ಯಾರೂ ಇದಕ್ಕೆ ಗ್ಯಾರಂಟಿ ಕೊಡಲಾರರು, ಜಾತಕ ನೋಡಿಯಂತೂ ಆಗದ ಮಾತು. ಆದರೆ ಏನನ್ನು ಗಮನಿಸಬೇಕು, ಎಷ್ಟು ದಿನ ಗಮನಿಸಬೇಕು, ಅಲ್ಲಿಯವರೆಗೆ ಏನನ್ನು ಬಿಟ್ಟುಕೊಡಬಾರದು ಎಂದು ಹೇಳಬಹುದು.

ಮೊದಲು ಜನ ಆಡುವ ಮಾತುಗಳನ್ನು ಬದಿಗಿಡೋಣ. ‘ಅಪ್ಪನಂತೆ ಮಗ’ ಎನ್ನುವುದು ಅರ್ಧ ಸುಳ್ಳು. ಬಾಲ್ಯದಲ್ಲಿ ಪೆಟ್ಟು ತಿಂದವರು ತಾವು ಹೆತ್ತವರಾದಾಗ ಮಕ್ಕಳನ್ನು ಹಿಂಸಿಸುತ್ತಾರೆಯೇ ಎಂಬ ಬಗ್ಗೆ ನಡೆದಿದ್ದ ಅಧ್ಯಯನಗಳನ್ನೆಲ್ಲ 1987ರಲ್ಲಿ ಕೌಫ್‌ಮನ್ ಮತ್ತು ಜಿಗ್ಲರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ಒಟ್ಟಿಗೆ ಪರಿಶೀಲಿಸಿದರು. ಅವರಿಗೆ ಸಿಕ್ಕ ಅಂದಾಜು ಶೇ 30ರ ಆಸುಪಾಸು. ಸಾಮಾನ್ಯ ಜನರಿಗಿಂತ ಇದು ಬಹಳ ಹೆಚ್ಚು, ನಿಜ. ಆದರೆ ಹೆಚ್ಚಿನವರು ಹಾಗೆ ಆಗಲಿಲ್ಲ ಎಂಬುದೂ ಅಷ್ಟೇ ನಿಜ. ಗಂಡಹೆಂಡತಿಯ ನಡುವಿನ ಹಿಂಸೆಗೂ ಇದೇ ಮಾತು: ಮನೆಯಲ್ಲಿ ಹೊಡೆತ ಕಂಡು ಬೆಳೆದದ್ದು ಅಪಾಯವನ್ನು ಹೆಚ್ಚಿಸುತ್ತದೆ, ಹಣೆಬರಹ ಬರೆಯುವುದಿಲ್ಲ. ಹಾಗೆಂದು ನಿಮ್ಮ ಅಮ್ಮನ ಭಯ ಬುಡವಿಲ್ಲದ್ದಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದ ಮದುವೆಯಾದ ಹೆಂಗಸರು ಕರ್ನಾಟಕದಲ್ಲಿ ಶೇ 44. ದೇಶದಲ್ಲೇ ಅತಿ ಹೆಚ್ಚು.

ಇದಕ್ಕಿಂತ ಅಪಾಯದ ನಂಬಿಕೆ ಇನ್ನೊಂದಿದೆ: ‘ಸಾಕಷ್ಟು ಪ್ರೀತಿ ಕೊಟ್ಟರೆ ಸರಿಹೋಗುತ್ತಾನೆ.’ ಮೊದಲ ಮದುವೆಯಲ್ಲಿ ಈ ಮಾತನ್ನು ನಿಮಗೆ ಎಷ್ಟು ಜನ ಹೇಳಿರಬಹುದು ಎಂದು ಊಹಿಸಬಲ್ಲೆ. ಪ್ರೀತಿಯಿಂದ ಹಿಂಸೆಯ ಅಭ್ಯಾಸ ಬಿಡುವುದಿಲ್ಲ. ಬಿಡಬೇಕೆಂದು ಆ ಮನುಷ್ಯನೇ ತೀರ್ಮಾನಿಸಿ, ನೆರವು ಪಡೆದು, ತಿಂಗಳುಗಟ್ಟಲೆ ದುಡಿಯಬೇಕು. ಪ್ರೀತಿ ಆ ಕೆಲಸಕ್ಕೆ ನೆಮ್ಮದಿಯ ಜಾಗ ಮಾಡಿಕೊಡಬಹುದು, ಅಷ್ಟೇ. ‘ನೊಂದವರ ನೋವು ನೊಂದವರಿಗೇ ಗೊತ್ತು’ ಎಂಬುದರಲ್ಲಿ ಸತ್ಯವಿದೆ, ಆದರೆ ಒಬ್ಬರ ನೋವು ಇನ್ನೊಬ್ಬರ ನೋವನ್ನು ಕೆದಕುವುದೂ ಉಂಟು. ನಿಮ್ಮಿಬ್ಬರ ನಡುವೆ ಹೋದ ತಿಂಗಳು ಆದದ್ದು ಅದೇ.

ದೀರ್ಘಕಾಲ ಹೊಡೆತದ ನಡುವೆ ಬದುಕಿದವರ ಮಿದುಳು ಅಪಾಯವನ್ನು ಗುರುತಿಸುವುದರಲ್ಲಿ ವಿಪರೀತ ಚುರುಕಾಗುತ್ತದೆ. ಮಿದುಳಿನ ಒಳಗೆ ಅಮಿಗ್ಡಲ ಎಂಬ ಬಾದಾಮಿಯಷ್ಟು ದೊಡ್ಡ ಭಾಗವಿದೆ. ಯೋಚಿಸುವ ಮುಂಭಾಗ ‘ಇದೇನು’ ಎಂದು ನೋಡುವ ಮೊದಲೇ ಅದು ಅಡ್ರಿನಲಿನ್ ಹರಿಸಿ ದೇಹವನ್ನು ಹೋರಾಡಲು, ಓಡಲು ಅಥವಾ ಮರಗಟ್ಟಲು ಸಿದ್ಧ ಮಾಡುತ್ತದೆ. ಹಿಂದಿನಿಂದ ಕೈ ಬಿದ್ದಾಗ ಅವರು ತಳ್ಳುವುದು ಹೋರಾಟದ ದಾರಿ. ಎರಡು ದಿನ ನಿಮಗೆ ಮಾತು ಹೊರಡದೆ ಇದ್ದದ್ದು ಮರಗಟ್ಟುವ ದಾರಿ. ಅದು ನಿಮ್ಮ ಹಟವಲ್ಲ, ಮುನಿಸೂ ಅಲ್ಲ. ಮೊದಲ ಮನೆಯಲ್ಲಿ ಸುಮ್ಮನಿದ್ದರೆ ಪೆಟ್ಟು ಕಡಿಮೆ ಬೀಳುತ್ತದೆ ಎಂದು ದೇಹ ಕಲಿತ ಪಾಠ. ಆದರೆ ನಿಮ್ಮ ಮೌನ ಅವರಿಗೆ ಹೇಗೆ ಕಾಣುತ್ತದೆ ಯೋಚಿಸಿ. ಅಪ್ಪ ಬಡಿಯುವ ಮೊದಲು ಮನೆಯಲ್ಲಿ ಕವಿಯುತ್ತಿದ್ದ ಮೌನವೇ ಮರುಕಳಿಸಿದಂತೆ ಅನ್ನಿಸಿರಬಹುದು. ಆಗ ಅವರು ‘ಏನಾದ್ರೂ ಮಾತಾಡು’ ಎಂದು ದನಿ ಏರಿಸುತ್ತಾರೆ, ಅದಕ್ಕೆ ನೀವು ಇನ್ನಷ್ಟು ಮರಗಟ್ಟುತ್ತೀರಿ. ಇಬ್ಬರೂ ಕೆಟ್ಟವರಾಗದೆಯೇ ಇದು ಹೀಗೆ ಸುತ್ತುತ್ತ ಹೋಗುತ್ತದೆ. ಸಕಲೇಶಪುರ, ಆಲೂರು, ಮೂಡಿಗೆರೆ ಭಾಗದಲ್ಲಿ ರಾತ್ರಿ ಪಟಾಕಿ ಸಿಡಿಯುವುದು ತಪ್ಪುವುದಿಲ್ಲ, ಅದನ್ನು ನಿಲ್ಲಿಸಲು ನಿಮ್ಮಿಂದಾಗದು. ಆದರೆ ಪ್ರತಿ ಸದ್ದಿಗೂ ಗಂಟೆಗಟ್ಟಲೆ ಎಚ್ಚರವಿರುವ ದೇಹಕ್ಕೆ ಚಿಕಿತ್ಸೆಯಿದೆ.

ಇನ್ನು ಬಾಗಿಲು. ಆಘಾತದ ಪ್ರತಿಕ್ರಿಯೆಗೂ ಹತೋಟಿಯಲ್ಲಿಡುವ ಹಿಂಸೆಗೂ ಹೊರನೋಟಕ್ಕೆ ವ್ಯತ್ಯಾಸ ಕಾಣುವುದಿಲ್ಲ, ಎರಡರಲ್ಲೂ ಗುದ್ದಿದ ಸದ್ದು ಒಂದೇ. ವ್ಯತ್ಯಾಸ ಇರುವುದು ಗುದ್ದಿನ ಹಿಂದೆ ಮುಂದೆ. ಬೆಚ್ಚಿಬೀಳುವ ದೇಹ ಆಳು ನೋಡುವುದಿಲ್ಲ. ಅಂಥವರು ಗೆಳೆಯ ಮುಟ್ಟಿದರೂ ಬೆಚ್ಚುತ್ತಾರೆ, ಬಸ್ಸಿನಲ್ಲಿ ಅಪರಿಚಿತರು ತಾಗಿದರೂ ಬೆಚ್ಚುತ್ತಾರೆ. ಹತೋಟಿಯ ಸಿಟ್ಟು ಆಳು ನೋಡಿಯೇ ಬರುತ್ತದೆ. ತೋಟದ ಸಾಹುಕಾರರು ಎಲ್ಲರೆದುರು ಬೈದಾಗ ಸಿಟ್ಟು ನುಂಗಿಕೊಳ್ಳಬಲ್ಲವರಿಗೆ ನಿಮ್ಮೆದುರು ಮಾತ್ರ ‘ತಡೆಯಕ್ಕೇ ಆಗ್ಲಿಲ್ಲ’ ಎಂದಾದರೆ, ಅವರಿಗೆ ತಡೆಯಲು ಬರುತ್ತದೆ ಎಂದೇ ಅರ್ಥ.

ಆ ದಿನವನ್ನು ನಿಧಾನವಾಗಿ ನೆನಪಿಸಿಕೊಂಡು, ಸಾಧ್ಯವಾದರೆ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಗುದ್ದು ಬಿದ್ದಾಗ ನೀವು ಎಲ್ಲಿದ್ದಿರಿ? ನಿಮ್ಮ ತಲೆಯ ಪಕ್ಕದಲ್ಲೇ ಬಿತ್ತೇ, ಅಥವಾ ನಿಮ್ಮಿಂದ ದೂರ ತಿರುಗಿ ಹೊಡೆದರೇ? ನೀವು ಹೊರಹೋಗುವ ದಾರಿಗೆ ಅಡ್ಡ ನಿಂತಿದ್ದರೇ? ಆಮೇಲೆ ಏನೆಂದರು? ‘ನಾನು ಹೀಗೆ ಮಾಡಬಾರದಿತ್ತು’ ಎಂದರೇ, ‘ನೀನೇ ಮಾಡಿಸಿದೆ’ ಎಂದರೇ? ನಾನಾಗಿದ್ದರೆ ಹೆಚ್ಚು ತೂಕ ಕೊಡುವುದು ಕೊನೆಯ ಪ್ರಶ್ನೆಗೆ: ಅವತ್ತು ಯಾವ ವಿಷಯಕ್ಕೆ ಜಗಳವಾಯಿತೋ ಆ ವಿಷಯ ಎತ್ತಲು ಈಗ ನೀವು ಹೆದರುತ್ತಿದ್ದೀರಾ? ಹೌದಾದರೆ, ಅವರ ಉದ್ದೇಶ ಏನೇ ಇರಲಿ, ಆ ಗುದ್ದು ನಿಮ್ಮ ಬಾಯಿ ಮುಚ್ಚಿಸಿದೆ. ಒಬ್ಬರಲ್ಲೇ ಎರಡೂ ಇರಬಹುದು ಎಂಬುದನ್ನೂ ಮರೆಯಬೇಡಿ, ಬಾಲ್ಯದ ಗಾಯವೂ, ಹೆಂಡತಿಯನ್ನು ಮುಷ್ಟಿಯಲ್ಲಿಡುವ ಚಾಳಿಯೂ. ಗಾಯ ನಿಜವೆಂದ ಮಾತ್ರಕ್ಕೆ ಚಾಳಿಗೆ ಮಾಫಿಯಿಲ್ಲ.

ನಿಮ್ಮ ಪತ್ರದಲ್ಲಿ ಅವರ ಪರವಾಗಿರುವ ಸಂಗತಿಯೂ ಒಂದಿದೆ. ಹಳೆಯದನ್ನು ಅವರಾಗಿಯೇ ಹೇಳಿದ್ದಾರೆ. ಸಣ್ಣ ಸಣ್ಣ ವಿಷಯಗಳಲ್ಲಿ ಅವರಿಗೆ ‘ಬೇಡ’ ಹೇಳಿ ನೋಡಿ, ಪರೀಕ್ಷೆ ಮಾಡಲೆಂದಲ್ಲ, ನಿಜವಾಗಿ ಬೇಡವೆನಿಸಿದಾಗ. ಈ ಭಾನುವಾರ ಸಿಗಲಾಗುವುದಿಲ್ಲ, ಫೋನಿನ ಪಾಸ್‌ವರ್ಡ್ ಕೊಡುವುದಿಲ್ಲ, ಇವತ್ತು ಮುಟ್ಟುವುದು ಬೇಡ. ಬೇಸರಪಟ್ಟುಕೊಳ್ಳುವುದು ಸಹಜ. ಬೇಸರವನ್ನು ತಾವೇ ನುಂಗುತ್ತಾರೋ, ನಾಲ್ಕು ದಿನ ನಿಮ್ಮಿಂದ ಅದರ ಬೆಲೆ ವಸೂಲಿ ಮಾಡುತ್ತಾರೋ ನೋಡಿ.

ಈಗ ನಿಮಗೆ ನಾಚಿಕೆ ತಂದಿರುವ ಆ ‘ಖುಷಿ’. ತಲೆ ಸರಿಯಾಗಿಯೇ ಇದೆ. ವರ್ಷಗಟ್ಟಲೆ ನಿಮ್ಮ ಪರವಾಗಿ ಯಾರೂ ನಿಲ್ಲದಿದ್ದಾಗ ಒಬ್ಬರು ‘ಅವನನ್ನು ನಾನು ನೋಡ್ಕೋತೀನಿ’ ಅಂದರೆ ಮನಸ್ಸು ಹಗುರಾಗದೆ ಇರುತ್ತದೆಯೇ? ಕಾದಂಬರಿಗಳ ಸೆಳೆತವೂ ಇದೇ ಬಗೆಯದು. ಅಲ್ಲಿನ ನಾಯಕ ಊರಿಗೆಲ್ಲ ಯಮ, ಅವಳೊಬ್ಬಳಿಗೆ ಬೆಣ್ಣೆ. ಭಯ ಹುಟ್ಟಿಸುವ ಶಕ್ತಿಯೇ ತನ್ನ ಕಾವಲಿಗೆ ನಿಂತಿತಲ್ಲ ಎಂಬ ಸಮಾಧಾನ, ಭಯದಲ್ಲೇ ಬದುಕಿದವರಿಗೆ ಇನ್ನೂ ಹೆಚ್ಚು. ಪುಟ ಸರಿಸುವುದು, ಓದು ನಿಲ್ಲಿಸುವುದು ನಿಮ್ಮ ಬೆರಳಲ್ಲೇ ಇರುವುದರಿಂದ ಹಳೆಯ ಹೆದರಿಕೆಯನ್ನು ನಿಮ್ಮ ಹತೋಟಿಯಲ್ಲಿಟ್ಟುಕೊಂಡು ಮುಟ್ಟಿ ನೋಡಿದಂತಾಗುತ್ತದೆ. ಓದಿ, ತಪ್ಪೇನಿಲ್ಲ. ಓದಿದ ಮೇಲೆ ನಿದ್ದೆ ಕೆಡುತ್ತಿದ್ದರೆ, ಹಳೆಯ ದೃಶ್ಯಗಳು ಕಣ್ಣ ಮುಂದೆ ಬರುತ್ತಿದ್ದರೆ ಕೆಲವು ತಿಂಗಳು ಬದಿಗಿಡಿ.

ಕಥೆ ಬದುಕಿಗಿಂತ ಬೇರೆಯಾಗುವ ಜಾಗ ಮಾತ್ರ ಗೊತ್ತಿರಲಿ. ಕಥೆಯಲ್ಲಿ ನಾಯಕನ ಮನಸ್ಸಿನೊಳಗೆ ಏನಿದೆ ಎಂದು ಬರೆದವರೇ ಹೇಳಿಬಿಡುತ್ತಾರೆ, ಕೊನೆಗೆ ಅವಳಿಗೇನೂ ಆಗುವುದಿಲ್ಲ ಎಂಬ ಭರವಸೆ ಮೊದಲ ಪುಟದಿಂದಲೇ ಇರುತ್ತದೆ. ಹಿಂಬಾಲಿಸುವುದು, ಅಸೂಯೆಯಿಂದ ಕೂಗಾಡುವುದು, ‘ಬೇಡ’ ಎಂದ ಮೇಲೂ ಬಿಡದಿರುವುದು ಅಲ್ಲಿ ಉತ್ಕಟ ಪ್ರೇಮ. ಹೊರಗೆ ಇವೇ ನಾವು ಮೊದಲು ಕೇಳುವ ಅಪಾಯದ ಗುರುತುಗಳು. ಪೆಟ್ಟು, ಆಮೇಲೆ ಅಳು ಮತ್ತು ಕ್ಷಮೆ, ಆಮೇಲೆ ಅತಿಯಾದ ಅಕ್ಕರೆ, ಹೀಗೆ ಬಿಟ್ಟು ಬಿಟ್ಟು ಸಿಗುವ ಪ್ರೀತಿ ಒಂದೇ ಸಮನಾಗಿ ಸಿಗುವ ಪ್ರೀತಿಗಿಂತ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. 1981ರಲ್ಲಿ ಡಟನ್ ಮತ್ತು ಪೇಂಟರ್ ಎಂಬ ಸಂಶೋಧಕರು ಇದನ್ನು ಆಘಾತದ ಬಂಧ ಎಂದು ವಿವರಿಸಿದರು. ಮೊದಲ ಗಂಡನನ್ನು ಬಿಡಲು ಅಷ್ಟು ಕಾಲ ಯಾಕೆ ಬೇಕಾಯಿತು ಎಂದು ನಿಮ್ಮನ್ನೇ ದೂರಿಕೊಳ್ಳುತ್ತಿದ್ದರೆ ಉತ್ತರ ಅಲ್ಲಿದೆ. ಹೊಸ ಸಂಬಂಧದ ಮೇಲೂ ಅದೇ ಕಣ್ಣಿಡಿ: ಜಗಳದ ನಂತರದ ಅಕ್ಕರೆಯೇ ಎಲ್ಲಕ್ಕಿಂತ ಸಿಹಿ ಎನಿಸತೊಡಗಿದರೆ ಅದು ಒಳ್ಳೆಯ ಲಕ್ಷಣವಲ್ಲ.

ಕೈಕಾಲು ಮುರಿಯುವ ಮಾತಿಗೆ ನಿಮ್ಮ ಉತ್ತರ ಸ್ಪಷ್ಟವಾಗಿ ‘ಬೇಡ’ ಎಂದಿರಲಿ. ಅವರು ಹಾಗೇನಾದರೂ ಮಾಡಿದರೆ ಜೈಲಿಗೆ ಹೋಗುವವರು ಅವರು, ‘ಇವಳೇ ಜನ ಬಿಟ್ಟು ಹೊಡೆಸಿದಳು’ ಎಂಬ ದೂರು ನಿಮ್ಮ ತಲೆಗೆ, ಹಳೆ ಗಂಡ ನೊಂದವನ ಪಟ್ಟ ಹತ್ತುತ್ತಾನೆ. ಬೆದರಿಕೆ ಕರೆಗಳ ದಿನಾಂಕ, ಸಮಯ ಬರೆದಿಡಿ, ಮೆಸೇಜು ಅಳಿಸಬೇಡಿ, ಕರೆ ರೆಕಾರ್ಡ್ ಮಾಡಿ. ಭಾರತೀಯ ನ್ಯಾಯ ಸಂಹಿತೆಯ 351ನೇ ಕಲಂ ಬೆದರಿಕೆಗೂ 78ನೇ ಕಲಂ ಬೆನ್ನುಬಿದ್ದು ಕಾಡುವುದಕ್ಕೂ ಇದೆ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ‘ಯಾವುದೇ ಕಾಲದಲ್ಲಿ ಒಟ್ಟಿಗೆ ವಾಸವಿದ್ದ’ ಸಂಬಂಧವನ್ನೂ ಒಳಗೊಳ್ಳುತ್ತದೆ, ಹಾಗಾಗಿ ವಿಚ್ಛೇದನವಾಯಿತೆಂದು ಆ ಬಾಗಿಲು ಮುಚ್ಚಿದೆ ಎಂದುಕೊಳ್ಳಬೇಡಿ. ಹಾಸನದ ನ್ಯಾಯಾಲಯದ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಹೆಂಗಸರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವು ಸಿಗುತ್ತದೆ, ಸಹಾಯವಾಣಿ 15100. ಅವನು ಕುತ್ತಿಗೆ ಹಿಸುಕಿದ್ದ ಸಂಗತಿಯನ್ನು ವಕೀಲರಿಗೂ ವೈದ್ಯರಿಗೂ ತಪ್ಪದೆ ಹೇಳಿ. ಸಂಗಾತಿಯಿಂದ ಕೊಲೆಯಾದ ಹೆಂಗಸರ ಬಗ್ಗೆ ಅಮೆರಿಕದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ಹಿಂದೆ ಕುತ್ತಿಗೆ ಹಿಸುಕಿದ್ದ ಘಟನೆಯಿದ್ದರೆ ಕೊಲೆಯ ಅಪಾಯ ಸುಮಾರು ಏಳು ಪಟ್ಟು.

ಚಿಕಿತ್ಸೆಗೆ ಮೊದಲು ಇಬ್ಬರೂ ಬೇರೆ ಬೇರೆಯಾಗಿಯೇ ಹೋಗಿ. ಜೋಡಿಯಾಗಿ ಕೌನ್ಸೆಲಿಂಗ್‌ಗೆ ಹೋಗಲು ಆತುರ ಬೇಡ. ಭಯವಿರುವ ಸಂಬಂಧದಲ್ಲಿ ಅಲ್ಲಿ ಆಡಿದ ಸತ್ಯಕ್ಕೆ ಮನೆಯಲ್ಲಿ ಶಿಕ್ಷೆಯಾಗುವುದುಂಟು. ಹಾಸನದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ ‘ಹಿಮ್ಸ್’ನಲ್ಲಿ ಮನೋವೈದ್ಯ ವಿಭಾಗವಿದೆ. ಅವರಿಗೆ ಚಿಕ್ಕಮಗಳೂರಿನ ಜಿಲ್ಲಾಸ್ಪತ್ರೆ ಹತ್ತಿರ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರು ತಾಲ್ಲೂಕು ಆಸ್ಪತ್ರೆಗಳಿಗೂ ಗೊತ್ತಾದ ದಿನಗಳಲ್ಲಿ ಬರುತ್ತಾರೆ, ಮೂಡಿಗೆರೆಯ ಆಸ್ಪತ್ರೆಯಲ್ಲಿ ದಿನ ವಿಚಾರಿಸಲಿ. ‘ಹುಚ್ಚಾಸ್ಪತ್ರೆಗೆ ಹೋದ’ ಎಂದು ಊರಾಡುತ್ತದೆ ಎಂಬ ಅಂಜಿಕೆಯಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡುವುದರಿಂದ ಶುರು ಮಾಡಬಹುದು. ಹಗಲು ರಾತ್ರಿ ಇದೆ, ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

ವೈದ್ಯರ ಮುಂದೆ ‘ಸಿಟ್ಟು ಜಾಸ್ತಿ’, ‘ಟೆನ್ಶನ್’ ಎಂದಷ್ಟೇ ಹೇಳಿದರೆ ನಿದ್ದೆ ಮಾತ್ರೆ ಬರೆದುಕೊಟ್ಟು ಕಳಿಸುವ ಸಾಧ್ಯತೆಯೇ ಹೆಚ್ಚು. ಏನಾಗಿತ್ತು, ಯಾವಾಗಿನಿಂದ, ದುಃಸ್ವಪ್ನ ವಾರಕ್ಕೆಷ್ಟು ಸಲ, ಯಾವ ಸದ್ದಿಗೆ ಬೆಚ್ಚುತ್ತೀರಿ, ಯಾವ ಜಾಗ ತಪ್ಪಿಸುತ್ತೀರಿ ಎಂದು ಬಿಡಿಸಿ ಹೇಳಬೇಕು. ಇಂಥ ಲಕ್ಷಣಗಳು ಒಂದು ತಿಂಗಳಿಗೂ ಮೀರಿ ಉಳಿದು ಬದುಕಿಗೆ ಅಡ್ಡಿಯಾದರೆ ಅದನ್ನು ಆಘಾತೋತ್ತರ ಒತ್ತಡದ ಕಾಯಿಲೆ, ಪಿಟಿಎಸ್‌ಡಿ ಎನ್ನುತ್ತಾರೆ. ಅದಕ್ಕೆ ಮುಖ್ಯ ಮದ್ದು ಮಾತಿನ ಚಿಕಿತ್ಸೆ. ಆಘಾತಕ್ಕೆಂದೇ ರೂಪಿಸಿದ ಅರಿವು-ವರ್ತನೆ ಚಿಕಿತ್ಸೆ ಅಥವಾ 1987ರ ಸುಮಾರಿಗೆ ಫ್ರಾನ್ಸೀನ್ ಶಪಿರೊ ಆರಂಭಿಸಿದ, ಕಣ್ಣು ಅತ್ತಿತ್ತ ಆಡಿಸುತ್ತ ಹಳೆಯ ನೆನಪಿನ ಕಾವು ಇಳಿಸುವ ಇಎಂಡಿಆರ್ ಬಗ್ಗೆ ಕೇಳಿ. ವಾರಕ್ಕೊಂದರಂತೆ ಸಾಮಾನ್ಯವಾಗಿ 8ರಿಂದ 15 ಭೇಟಿ ಬೇಕು, ಬಾಲ್ಯದಿಂದಲೇ ಪೆಟ್ಟು ತಿಂದವರಿಗೆ ಇನ್ನೂ ಹೆಚ್ಚು. ಇದನ್ನು ಕಲಿತ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ತಿರದಲ್ಲಿ ಸಿಗದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಒಮ್ಮೆ ಹೋಗಿ ಯೋಜನೆ ಹಾಕಿಸಿಕೊಂಡು ಬರುವುದು ವಾಸಿ. ಶುರುವಿನ ಕೆಲವು ವಾರ ಕನಸು, ಸಿಡುಕು ಹೆಚ್ಚಾಗಬಹುದು. ಬಹಳಷ್ಟು ಜನ ಬಿಟ್ಟುಬಿಡುವುದು ಅಲ್ಲೇ. ಕಾಫಿ ಕೊಯ್ಲಿನ ಡಿಸೆಂಬರ್–ಫೆಬ್ರುವರಿಯಲ್ಲಿ ರೈಟರ್‌ಗೆ ರಜೆ ಸಿಗುವುದಿಲ್ಲ, ಅದನ್ನು ಲೆಕ್ಕ ಹಾಕಿಯೇ ಶುರು ಮಾಡಲಿ.

ಸರ್ಟ್ರಲೈನ್‌ನಂಥ ಮಾತ್ರೆ ಕೊಟ್ಟರೆ ಗುಣ ಕಾಣಲು ನಾಲ್ಕರಿಂದ ಆರು ವಾರ ಬೇಕು. ‘ನಾಲ್ಕು ದಿನ ತಗೊಂಡೆ, ಏನೂ ಆಗಲಿಲ್ಲ’ ಎಂದು ಬಿಡುವಂತಿಲ್ಲ, ಗುಣವಾಯಿತೆಂದು ಒಮ್ಮೆಲೇ ನಿಲ್ಲಿಸುವಂತೆಯೂ ಇಲ್ಲ. ಆಲ್‌ಪ್ರಜೋಲಾಂ ತರಹದ ನಿದ್ದೆ-ನೆಮ್ಮದಿಯ ಗುಳಿಗೆಗಳು ಪಿಟಿಎಸ್‌ಡಿಯನ್ನು ಗುಣಪಡಿಸುವುದಿಲ್ಲ, ಚಟ ಹಿಡಿಸುತ್ತವೆ. ಅವರ ಕುಡಿತದ ಬಗ್ಗೆ ನೀವು ಒಂದಕ್ಷರವೂ ಬರೆದಿಲ್ಲ. ಕುಡಿಯುವವರಾದರೆ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಅದೇ, ಮದುವೆಯ ಮಾತಿಗೂ ಮೊದಲು ಬಗೆಹರಿಯಬೇಕಾದದ್ದೂ ಅದೇ.

ನಿಮ್ಮಿಬ್ಬರ ನಡುವೆ ಈಗಿನಿಂದಲೇ ಮಾಡಿಕೊಳ್ಳಬಹುದಾದ ಒಂದು ಒಪ್ಪಂದವಿದೆ, ಜಗಳಕ್ಕೆ ಬಿಡುವು. ಇಬ್ಬರೂ ಸಮಾಧಾನವಾಗಿರುವ ದಿನ ಕೂತು ಒಂದು ಸನ್ನೆ ಗೊತ್ತು ಮಾಡಿ, ಅಂಗೈ ತೋರಿಸುವುದೋ ಏನೋ. ಎದೆಬಡಿತ ಏರಿದ್ದು, ದವಡೆ ಬಿಗಿದದ್ದು ಗಮನಕ್ಕೆ ಬಂದ ತಕ್ಷಣ ಯಾರಾದರೂ ಸನ್ನೆ ಮಾಡಿ, ಎಷ್ಟು ಹೊತ್ತಿಗೆ ವಾಪಸು ಬರುತ್ತೇನೆಂದು ಹೇಳಿ ಹೊರಡಬೇಕು. ಏರಿದ ದೇಹ ಇಳಿಯಲು ಕನಿಷ್ಠ 20 ನಿಮಿಷ ಬೇಕು, ಒಂದು ಗಂಟೆ ಇಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಕುಡಿತವಿಲ್ಲ, ಬೈಕ್ ಹತ್ತುವುದಿಲ್ಲ, ಫೋನಿನಲ್ಲಿ ಜಗಳ ಮುಂದುವರಿಸುವುದಿಲ್ಲ, ಉಳಿದವರು ಬೆನ್ನಟ್ಟುವುದಿಲ್ಲ. ಹೇಳಿದ ಹೊತ್ತಿಗೆ ಬಂದು ಅದೇ ವಿಷಯವನ್ನು ಮಾತಾಡಿ ಮುಗಿಸಬೇಕು. ಇದು ಕೆಡುವುದು ಇಲ್ಲೇ, ಬಿಡುವು ಎಂದು ಹೋದವರು ಎರಡು ದಿನ ಪತ್ತೆಯಿಲ್ಲ ಎಂದಾದರೆ ಅದು ಶಿಕ್ಷೆ. ನೀವು ಮರಗಟ್ಟಿದಾಗ ಮಾತು ಬರುವುದಿಲ್ಲವಾದ್ದರಿಂದ ನಿಮಗೆ ಸನ್ನೆ ಹೆಚ್ಚು ಉಪಯೋಗ. ಆಗ ಪಾದವನ್ನು ತಣ್ಣನೆಯ ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರನ್ನು ಬಾಯಿಬಿಟ್ಟು ಹೇಳಿ, ಉಸಿರು ಎಳೆದದ್ದಕ್ಕಿಂತ ನಿಧಾನವಾಗಿ ಬಿಡಿ.

ಅವರನ್ನು ಹಿಂದಿನಿಂದ ಮುಟ್ಟಬೇಡಿ, ಹೆಸರು ಹಿಡಿದು ಕರೆದು ಎದುರಿನಿಂದ ಬನ್ನಿ. ಕನಸಿನಲ್ಲಿ ಕೂಗಿದಾಗ ಮೈ ಅಲುಗಿಸಿ ಎಬ್ಬಿಸಬಾರದು, ಕೈಗೆ ಸಿಗದಷ್ಟು ದೂರ ನಿಂತು, ದೀಪ ಹಾಕಿ, ಹೆಸರು ಕರೆಯಿರಿ. ಹಾಸಿಗೆಯ ವಿಷಯದಲ್ಲಿ ನೀವು ಏನೂ ಬರೆದಿಲ್ಲ, ಆದರೂ ಹೇಳಿಬಿಡುತ್ತೇನೆ: ಸುಮ್ಮನಿದ್ದಾಳೆ ಎಂದರೆ ಒಪ್ಪಿದ್ದಾಳೆ ಎಂದಲ್ಲ, ನಿಮ್ಮಂಥವರಲ್ಲಂತೂ ಮರಗಟ್ಟಿದ್ದೂ ಹಾಗೇ ಕಾಣುತ್ತದೆ. ಇದು ಅವರಿಗೆ ಮೊದಲೇ ಗೊತ್ತಿರಲಿ, ಕೇಳಿ ಮುಂದುವರಿಯಲಿ.

ಹಾಗಾದರೆ ಹೋಗಬಹುದೇ? ಈಗಲೇ, ಕೆಲಸ ಬಿಟ್ಟು, ಕೋವಿ ಇರುವ ಒಂಟಿ ಮನೆಗೆ ಹೋಗುವುದು ಬೇಡ. ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ, ನೆಟ್‌ವರ್ಕ್ ಇಲ್ಲದೆ, ಸಂಜೆಯ ಮೇಲೆ ಬಸ್ಸಿಲ್ಲದೆ ಇರುವ ಮನೆಯಲ್ಲಿ ಒಳ್ಳೆಯ ಗಂಡನ ಜೊತೆಗೂ ಉಸಿರುಗಟ್ಟುತ್ತದೆ. ಏನಾದರೂ ಆದರೆ ಕೂಗಿದರೂ ಕೇಳುವವರಿಲ್ಲ. ಆರು ತಿಂಗಳಿಂದ ಒಂದು ವರ್ಷ ಈಗಿರುವಂತೆಯೇ ಇದ್ದು, ಇಬ್ಬರೂ ಚಿಕಿತ್ಸೆ ಮುಂದುವರಿಸಿ ನೋಡುವುದು ನನ್ನ ಮಟ್ಟಿಗೆ ಹೆಚ್ಚು ಭದ್ರವಾದ ದಾರಿ. ಅದರಲ್ಲಿ ನಷ್ಟವಿಲ್ಲವೆಂದಲ್ಲ. ಊರಿನ ಬಾಯಿ, ಅಮ್ಮನ ಒತ್ತಡ, ಅವರಿಗೆ ‘ನನ್ನ ಮೇಲೆ ನಂಬಿಕೆಯಿಲ್ಲ’ ಎಂಬ ನೋವು. ಕಾಯಲು ಒಪ್ಪುತ್ತಾರೋ ಇಲ್ಲವೋ ಎಂಬುದರಿಂದಲೂ ನಿಮಗೆ ಬಹಳ ತಿಳಿಯುತ್ತದೆ. ಈಗಲೇ ಮದುವೆಯಾಗಲೇಬೇಕೆಂದರೆ ಹಾಸನದಲ್ಲೋ ಮೂಡಿಗೆರೆ ಪೇಟೆಯಲ್ಲೋ ಬಾಡಿಗೆ ಮನೆ ಮಾಡಿ, ನಿಮ್ಮ ಸಂಬಳ ನಿಮ್ಮ ಖಾತೆಗೇ ಬರಲಿ. ಕುತ್ತಿಗೆಗೆ ಕೈ ಹಾಕಿದರೆ, ಸಾಯಿಸುತ್ತೇನೆ ಅಥವಾ ಸಾಯುತ್ತೇನೆ ಎಂದು ಬೆದರಿಸಿದರೆ, ಫೋನು ಕಿತ್ತುಕೊಂಡರೆ ಇನ್ನೊಂದು ಅವಕಾಶದ ಮಾತಿಲ್ಲ. ಬಿಟ್ಟು ಹೋಗುತ್ತೇನೆ ಎಂದು ಮುಖಕ್ಕೆ ಹೇಳಿ ಹೊರಡಬೇಡಿ, ಬಿಡುವ ಹೊತ್ತೇ ಅತಿ ಅಪಾಯದ್ದು. ತುರ್ತು ಸಹಾಯಕ್ಕೆ 112 ಅಥವಾ ಮಹಿಳಾ ಸಹಾಯವಾಣಿ 181ಕ್ಕೆ ಕರೆ ಮಾಡಿ, ಹಿಂಸೆಗೊಳಗಾದ ಹೆಂಗಸರಿಗೆಂದೇ ಇರುವ ಜಿಲ್ಲೆಯ ಸಖಿ ಕೇಂದ್ರದಲ್ಲಿ ತಾತ್ಕಾಲಿಕ ವಸತಿಯೂ ಸಿಗುತ್ತದೆ.

ಕೋವಿ ಮಾತ್ರ ಯಾವ ದಾರಿ ಹಿಡಿದರೂ ಆ ಮನೆಯಿಂದ ಹೋಗಬೇಕು. ಹಿಂಸೆಯ ಇತಿಹಾಸವಿರುವ ಸಂಬಂಧದಲ್ಲಿ ಬಂದೂಕು ಕೈಗೆ ಸಿಗುವಂತಿದ್ದರೆ ಕೊಲೆಯ ಅಪಾಯ ಐದು ಪಟ್ಟಾಗುತ್ತದೆ ಎಂದು 2003ರ ಅಮೆರಿಕದ ಅಧ್ಯಯನ ಕಂಡುಕೊಂಡಿತ್ತು. ನಿದ್ದೆಯಿಲ್ಲದೆ ಬಳಲುವ ಅವರ ಸ್ವಂತ ಜೀವಕ್ಕೂ ಅದು ಅಪಾಯವೇ, ತೋಟಕ್ಕೆ ಹೊಡೆಯುವ ಕೀಟನಾಶಕದ ಡಬ್ಬಗಳೂ ಅಷ್ಟೇ. ಆ ಡಬ್ಬಗಳನ್ನು ಬೀಗ ಹಾಕಿದ ಗೋದಾಮಿನಲ್ಲಿಡಲಿ. ಅಪ್ಪ ತೀರಿಹೋದ ಮೇಲೆ ಅವರ ಲೈಸೆನ್ಸ್‌ನಲ್ಲಿ ಮಗ ಕೋವಿ ಇಟ್ಟುಕೊಳ್ಳುವಂತಿಲ್ಲ. ತಮ್ಮ ಹೆಸರಿಗೆ ಲೈಸೆನ್ಸ್ ಇಲ್ಲದಿದ್ದರೆ ಠಾಣೆಗೋ ಪರವಾನಗಿಯಿರುವ ಡೀಲರ್‌ಗೋ ಒಪ್ಪಿಸಿ ರಸೀದಿ ಪಡೆಯಬೇಕು. ಚುನಾವಣೆ ಬಂದಾಗಲೆಲ್ಲ ಮಲೆನಾಡಿನವರು ಠಾಣೆಗೆ ಕೋವಿ ಒಪ್ಪಿಸಿ ಬರುವುದು ರೂಢಿಯೇ ಆಗಿರುವುದರಿಂದ ಇದರಲ್ಲಿ ಮಾನ ಹೋಗುವಂಥದ್ದೇನೂ ಇಲ್ಲ. ಹಂದಿ ಕಾಟ ಅಂತ ನೆಪ ಹೇಳಿದರೆ ಅದಕ್ಕೆ ಬೇಲಿಯಿದೆ.

ಅಮ್ಮನನ್ನು ದೂರ ಮಾಡಿಕೊಳ್ಳಬೇಡಿ. ಅವರಿಗೆ ಇಷ್ಟವಿಲ್ಲದಿದ್ದರೂ ನೀವು ಎಲ್ಲಿದ್ದೀರಿ ಎಂಬುದು ಅವರಿಗೆ ಗೊತ್ತಿರಲಿ. ಆಧಾರ್, ಅಂಕಪಟ್ಟಿ, ಬ್ಯಾಂಕ್ ಪಾಸ್‌ಬುಕ್, ವಿಚ್ಛೇದನದ ತೀರ್ಪಿನ ದೃಢೀಕೃತ ಪ್ರತಿ, ಒಂದಷ್ಟು ನಗದು, ಇವು ಮದುವೆಯಾದ ಮೇಲೂ ಅಮ್ಮನ ಮನೆಯ ಬೀರುವಿನಲ್ಲೇ ಇರಲಿ.